ಸಾಕಲಾಗದ ಗಿಳಿಯನ್ನು ಒಪ್ಪಿಸಲು ಜಿಲ್ಲೆಯಲ್ಲೊಂದು ಜಾಗ ಬೇಕು

ಮಾನ್ಯ ಸಂಪಾದಕರೇ,

ಕೋಲಾರ ನಗರದಲ್ಲಿ ಗಿಳಿ ಸಾಕುವ ಹವ್ಯಾಸ ಈಚಿನ ವರ್ಷಗಳಲ್ಲಿ ಕಣ್ಣಿಗೆ ಕಾಣುವಷ್ಟು ಬೆಳೆದಿದೆ. ಹಿಂದೆ ಅಲ್ಲೊಂದು ಇಲ್ಲೊಂದು ಮನೆಯ ಜಗುಲಿಯಲ್ಲಿ ಹಸಿರು ಗಿಳಿಯ ಪಂಜರ ತೂಗಾಡುತ್ತಿತ್ತು; ಈಗ ಹಳದಿ, ಕಿತ್ತಳೆ ಬಣ್ಣದ ಸನ್ ಕೊನ್ಯೂರ್, ತಲೆಯ ಮೇಲೆ ಜುಟ್ಟಿರುವ ಕಾಕಟೀಲ್, ಕೆಲವು ಅನುಕೂಲಸ್ಥರಲ್ಲಿ ಆಫ್ರಿಕನ್ ಗ್ರೇ ಕೂಡ ಹಜಾರಕ್ಕೆ ಬಂದು ಕುಳಿತಿವೆ. ಅದರ ಜೊತೆಗೇ ನೆಂಟರಿಷ್ಟರ ನಡುವೆ ಮತ್ತೆ ಮತ್ತೆ ಕೇಳಿಬರುತ್ತಿರುವ ಮಾತೆಂದರೆ, ಈ ಗಿಳಿಯ ಕೂಗು ತಡೆಯಲಾಗುತ್ತಿಲ್ಲ, ಯಾರಿಗಾದರೂ ಕೊಟ್ಟುಬಿಡೋಣ ಎಂಬುದು. ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು ಎಂದು ಹೇಳುವವರು ಯಾರೂ ಇಲ್ಲದಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ಸೋದರಳಿಯ ಕೆಲಸದ ಮೇಲೆ ಪರದೇಶಕ್ಕೆ ಹೊರಟಾಗ ಅವನ ಸನ್ ಕೊನ್ಯೂರ್ ನಮ್ಮ ಮನೆಗೆ ಬಂತು. ನಮ್ಮದು ಎಂಬತ್ತು ದಾಟಿದ ಅತ್ತೆಯವರು ಮಧ್ಯಾಹ್ನ ಒಂದಿಷ್ಟು ಕಣ್ಣು ಮುಚ್ಚಬೇಕಾದ ಮನೆ, ಮೈದುನನ ಮಗಳು ದ್ವಿತೀಯ ಪಿಯುಸಿಗೆ ಓದುತ್ತಿರುವ ಮನೆ. ಸಾಲದೆಂಬಂತೆ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ನರಸಾಪುರದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಬೆಳಿಗ್ಗೆ ಮಲಗುವವನು. ಹಕ್ಕಿ ಒಳ್ಳೆಯದೇ, ಮನೆಯವರೂ ಕೆಟ್ಟವರಲ್ಲ, ಆದರೂ ಅದಕ್ಕೂ ನಮಗೂ ಹೊಂದಲಿಲ್ಲ. ಹೀಗೆ ಹೊಂದದಿರುವುದರಲ್ಲಿ ಯಾರ ತಪ್ಪೂ ಇರಬೇಕೆಂದಿಲ್ಲ ಎಂಬುದನ್ನು ಒಪ್ಪಿಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಗಿಳಿ ಯಾಕೆ ಕೂಗುತ್ತದೆ ಎಂದು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಶ್ರೀನಿವಾಸಪುರದ ಯಾವುದಾದರೂ ಮಾವಿನ ತೋಪಿನಲ್ಲಿ ಬೆಳಗಿನ ಜಾವವೋ ಸಂಜೆಯೋ ಸ್ವಲ್ಪ ಹೊತ್ತು ನಿಂತರೆ ಸಾಕು. ಗಿಳಿ ಹಿಂಡಿನಲ್ಲಿ ಬಾಳುವ ಹಕ್ಕಿ. ಎಲೆಗಳ ಮರೆಯಲ್ಲಿ ಸಂಗಾತಿಗಳು ಕಾಣದಿದ್ದಾಗ ಕೂಗಿ ಕರೆಯುತ್ತದೆ. ಉತ್ತರ ಬಂದರೆ ಸಮಾಧಾನಗೊಳ್ಳುತ್ತದೆ, ಬಾರದಿದ್ದರೆ ಇನ್ನೂ ಗಟ್ಟಿಯಾಗಿ ಕರೆಯುತ್ತದೆ. ಮೇವಿಗೆ ಹೊರಡುವ ಮುಂಜಾನೆ ಮತ್ತು ಮರಕ್ಕೆ ಮರಳುವ ಮುಸ್ಸಂಜೆ ಈ ಗದ್ದಲ ಹೆಚ್ಚು. ಪಂಜರದಲ್ಲಿ ಒಂಟಿಯಾಗಿರುವ ಗಿಳಿಗೆ ಮನೆಯವರೇ ಹಿಂಡು, ಆದ್ದರಿಂದ ನಾವು ಎದ್ದು ಅಡುಗೆಮನೆಗೆ ಹೋದರೆ ಅದರ ಪಾಲಿಗೆ ಹಿಂಡು ಕಣ್ಮರೆಯಾದಂತೆಯೇ. ಅದು ಕೂಗಿದಾಗ ನಾವು ಅಲ್ಲಿಂದಲೇ ‘ಸುಮ್ಮನಿರು’ ಎಂದು ಗದರಿದರೆ ಅದಕ್ಕೆ ಅದು ಗದರಿಕೆಯಲ್ಲ, ತನ್ನ ಕರೆಗೆ ಸಿಕ್ಕ ಉತ್ತರ. ಅದರಲ್ಲೂ ಸನ್ ಕೊನ್ಯೂರ್ ದಕ್ಷಿಣ ಅಮೆರಿಕದ ಗಯಾನಾ ಮತ್ತು ಉತ್ತರ ಬ್ರೆಜಿಲ್ ಕಡೆಯ ಬಯಲು, ಕಾಡುಗಳ ಹಕ್ಕಿ. ಬಹುದೂರದ ಸಂಗಾತಿಗೂ ಮುಟ್ಟಬೇಕಾದ ಅದರ ದನಿಯನ್ನು ತಗಡಿನ ಸೂರಿನ ವರಾಂಡದಲ್ಲಿ ಅಡಗಿಸುತ್ತೇವೆಂದು ಹೊರಡುವುದು ಹುಚ್ಚು ಸಾಹಸ.

ಹಾಗೆಂದು ಮಾಡಲು ಏನೂ ಇಲ್ಲವೆಂದಲ್ಲ. ಕೂಗು ಪೂರ್ತಿ ನಿಲ್ಲದಿದ್ದರೂ ಸಾಕಷ್ಟು ತಗ್ಗುತ್ತದೆ, ಆದರೆ ಅದಕ್ಕೆ ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಬೇಕು, ಕಷ್ಟವಿರುವುದೇ ಅಲ್ಲಿ. ಹಕ್ಕಿ ಕಿರುಚುವಾಗ ಅದರ ಕಡೆ ತಿರುಗಬಾರದು, ಮಾತಾಡಿಸಬಾರದು, ತಿನ್ನಲು ಕೊಡಬಾರದು. ಮೆಲ್ಲಗೆ ಸಿಳ್ಳೆ ಹಾಕಿದಾಗಲೋ ಮಾತಾಡಿದಾಗಲೋ ತಕ್ಷಣ ಉತ್ತರಿಸಬೇಕು, ಹತ್ತಿರ ಹೋಗಬೇಕು. ನಾವು ಬೇರೆ ಕೋಣೆಯಲ್ಲಿದ್ದಾಗ ಅದು ಕೂಗುವ ಮೊದಲೇ ಒಂದು ಸಣ್ಣ ಸಿಳ್ಳೆಯನ್ನು ನಾವೇ ಹಾಕಿ ‘ಇಲ್ಲೇ ಇದ್ದೇನೆ’ ಎಂದು ತಿಳಿಸುತ್ತಿದ್ದರೆ, ಬರಬರುತ್ತ ಅದೂ ಅದೇ ಸಿಳ್ಳೆಯಲ್ಲಿ ಕರೆಯಲು ಕಲಿಯುತ್ತದೆ. ಎಲ್ಲರೂ ಹೀಗೆ ನಡೆದುಕೊಂಡು ಅತ್ತೆಯವರೊಬ್ಬರು ಮಾತ್ರ ‘ಪಾಪ, ಹಸಿದಿದೆ’ ಎಂದು ಕಿರುಚಿದಾಗಲೆಲ್ಲ ಒಂದು ಹೋಳು ಸೀಬೆಹಣ್ಣು ಕೊಟ್ಟರೆ ಕೆಲಸ ಕೆಟ್ಟಿತು. ಸದಾ ಫಲ ಕೊಡುವ ಕೂಗಿಗಿಂತ ಒಮ್ಮೊಮ್ಮೆ ಮಾತ್ರ ಫಲ ಕೊಡುವ ಕೂಗನ್ನು ಬಿಡಿಸುವುದು ಕಷ್ಟ. ಇಂದಲ್ಲ ನಾಳೆ ಸಿಕ್ಕೀತೆಂದು ಹಕ್ಕಿ ಇನ್ನಷ್ಟು ಹೊತ್ತು ಹಟ ಹಿಡಿಯುತ್ತದೆ. ಅತ್ತೆಯವರಿಗೆ ಇದನ್ನು ಹೇಳುವ ಧೈರ್ಯ ಯಾವ ಸೊಸೆಗೆ ಇದೆಯೋ ನಾನರಿಯೆ.

ನಿದ್ದೆಯ ವಿಷಯವನ್ನು ನಮ್ಮಲ್ಲಿ ಬಹಳ ಮಂದಿ ಗಮನಿಸುವುದೇ ಇಲ್ಲ. ಗಿಳಿಗೆ ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆಯ ಕತ್ತಲೆ ಮತ್ತು ನಿಶ್ಶಬ್ದ ಬೇಕು. ರಾತ್ರಿ ಹನ್ನೊಂದರವರೆಗೆ ಟಿ.ವಿ. ಧಾರಾವಾಹಿ ಓಡುವ ಹಜಾರದಲ್ಲೇ ಪಂಜರವಿದ್ದರೆ ಹಕ್ಕಿಗೆ ನಿದ್ದೆಗೆಟ್ಟು ಮರುದಿನ ಸಿಡಿಮಿಡಿಗೊಳ್ಳುತ್ತದೆ, ಮಾತೆತ್ತಿದರೆ ಕಿರುಚುತ್ತದೆ. ಮಿಕ್ಸಿ, ಟಿ.ವಿ., ಕುಕ್ಕರಿನ ಸೀಟಿ ಜೋರಾದಷ್ಟೂ ಅದರ ದನಿಯೂ ಏರುತ್ತದೆ. ಪಂಜರದ ಒಂದು ಮಗ್ಗುಲು ಗೋಡೆಗೆ ತಾಗಿರುವಂತೆ, ಬೆಕ್ಕು ಹದ್ದುಗಳು ಕಾಣದ ಕಡೆ ಇರಿಸಿದರೆ ಗಾಬರಿಯ ಕೂಗು ಕಡಿಮೆಯಾಗುತ್ತದೆ. ಅಡುಗೆಮನೆಯಲ್ಲಿ ಮಾತ್ರ ಇಡಲೇಬಾರದು. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದಾಗ ಬರುವ ಹೊಗೆ ನಮಗೆ ಗೊತ್ತಾಗುವ ಮೊದಲೇ ಹಕ್ಕಿಯನ್ನು ಕೊಲ್ಲಬಲ್ಲದು. ಇನ್ನು ಬೇಸರ. ಕಾಡಿನಲ್ಲಿ ಹಗಲಿನ ಬಹುಪಾಲು ಮೇವು ಹುಡುಕುವುದರಲ್ಲಿ ಕಳೆಯುವ ಜೀವಕ್ಕೆ ಬಟ್ಟಲು ತುಂಬ ಸೂರ್ಯಕಾಂತಿ ಬೀಜ ಸುರಿದುಬಿಟ್ಟರೆ ಅದು ಸ್ವಲ್ಪ ಹೊತ್ತಿನಲ್ಲಿ ತಿಂದು ಮುಗಿಸಿ, ಉಳಿದ ದಿನವೆಲ್ಲ ನಮ್ಮನ್ನು ಕರೆಯದೆ ಇನ್ನೇನು ಮಾಡೀತು? ಮುಸುಕಿನ ಜೋಳದ ತೆನೆಯನ್ನು ಸಿಪ್ಪೆಸಹಿತ ಕಟ್ಟಿ ತೂಗಿಬಿಡುವುದು, ನವಣೆ ಕಾಳನ್ನು ಕಾಗದದಲ್ಲಿ ಮಡಿಸಿ ಇಡುವುದು, ತೆಂಗಿನ ಚಿಪ್ಪಿನೊಳಗೆ ನುಗ್ಗೆಸೊಪ್ಪು ತುರುಕುವುದು ಖರ್ಚಿಲ್ಲದ ಉಪಾಯಗಳು. ಸುಮ್ಮನಿದ್ದ ಹಕ್ಕಿ ದಿಢೀರನೆ ಕೂಗತೊಡಗಿದರೆ ಅಥವಾ ಕೂಗುತ್ತಿದ್ದದ್ದು ಒಮ್ಮೆಗೇ ಮಂಕಾದರೆ ಪಶುವೈದ್ಯರಿಗೆ ತೋರಿಸಬೇಕು.

ಪಂಜರಕ್ಕೆ ಹಗಲೆಲ್ಲ ಬಟ್ಟೆ ಮುಚ್ಚುವುದು, ಏಪ್ರಿಲ್ ಬಿಸಿಲಿನಲ್ಲಿ ತಾರಸಿಗೆ ಸಾಗಿಸುವುದು, ನೀರು ಎರಚಿ ಹೆದರಿಸುವುದು ಇವೆಲ್ಲ ಕ್ರೌರ್ಯವಲ್ಲದೆ ಬೇರೇನೂ ಅಲ್ಲ. ಜೊತೆಗೊಂದು ಹಕ್ಕಿ ತಂದರೆ ಸುಮ್ಮನಾಗುತ್ತದೆ ಎಂದು ಅಂಗಡಿಯವರು ಹೇಳುವುದುಂಟು; ಹಾಗೆ ತಂದವರ ಮನೆಯಲ್ಲಿ ಈಗ ಎರಡು ಹಕ್ಕಿಗಳು ಕೂಗುತ್ತಿವೆ. ನೆರೆಯವರೊಂದಿಗೆ ಮೊದಲೇ ಹೋಗಿ ಮಾತಾಡುವುದು ಮೇಲು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ ನಿಜ, ಆದರೆ ಹಗಲು ನಿದ್ದೆ ಮಾಡಬೇಕಾದ ರಾತ್ರಿ ಪಾಳಿಯ ಕಾರ್ಮಿಕನ ಕಷ್ಟ ಆ ಅಂಕಿಗಳಲ್ಲಿ ಕಾಣುವುದಿಲ್ಲ. ನಮ್ಮ ಬಾಡಿಗೆದಾರ ಒಂದು ದಿನವೂ ದೂರಲಿಲ್ಲ; ದೂರು ಹೇಳದವರ ಕಷ್ಟವನ್ನು ನಾವೇ ಅರಿಯಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಬೆಳಗಿನ ಮತ್ತು ಸಂಜೆಯ ಕೂಗು ಉಳಿದೇ ಉಳಿಯುತ್ತದೆ. ಅದು ಗಿಳಿಯ ಸ್ವಭಾವ, ರೋಗವಲ್ಲ. ಸನ್ ಕೊನ್ಯೂರ್ ಇಪ್ಪತ್ತು ವರ್ಷಕ್ಕೂ ಮೀರಿ ಬದುಕಬಲ್ಲದು, ಆಫ್ರಿಕನ್ ಗ್ರೇ ನಲವತ್ತು ದಾಟುವುದುಂಟು. ಅಷ್ಟು ಕಾಲ ಹಲ್ಲು ಕಚ್ಚಿ ಸಹಿಸುವ ಮನೆಯಲ್ಲಿ ಮನುಷ್ಯರಿಗೂ ಸುಖವಿಲ್ಲ, ಹಕ್ಕಿಗೂ ಸುಖವಿಲ್ಲ. ಕಾಕಟೀಲ್ ಮತ್ತು ಆಫ್ರಿಕನ್ ಗ್ರೇ ಗರಿಗಳಿಂದ ಉದುರುವ ಬಿಳಿ ಪುಡಿ ಉಬ್ಬಸವಿರುವವರಿಗೆ ತೊಂದರೆ ಕೊಡುವುದೂ ಉಂಟು. ಅಂಥ ಮನೆಯವರು ತಕ್ಕ ಇನ್ನೊಂದು ಮನೆಯನ್ನು ಹುಡುಕಿದರೆ ಅದು ಕೈಬಿಟ್ಟಂತಲ್ಲ. ಮುಳಬಾಗಿಲಿನ ಕಡೆಯ ತೋಟದ ಮನೆಯವರೊಬ್ಬರು ಆಗಲೇ ಕೊನ್ಯೂರ್‌ಗಳನ್ನು ದೊಡ್ಡ ಜಾಲರಿ ಗೂಡಿನಲ್ಲಿ ಸಾಕಿಕೊಂಡಿದ್ದಾರೆಂದು ತಿಳಿದು, ಹೋಗಿ ನೋಡಿ, ನಮ್ಮದನ್ನು ಅವರಿಗೆ ಒಪ್ಪಿಸಲು ನಿರ್ಧರಿಸಿದೆವು. ತೊಡಕು ಶುರುವಾದದ್ದು ಅಲ್ಲಿಂದಲೇ, ಏಕೆಂದರೆ ಸೋದರಳಿಯನಿಗೆ ಹಕ್ಕಿ ಮಾರಿದ ಅಂಗಡಿಯವರು ಕಾಗದಪತ್ರ ಯಾವುದನ್ನೂ ಕೊಟ್ಟಿರಲಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವನ್ಯಜೀವಿ ವ್ಯಾಪಾರದ ಕುರಿತ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಹಕ್ಕಿಗಳನ್ನು ಸಾಕುವವರು, 2024ರ ಫೆಬ್ರವರಿಯಲ್ಲಿ ಹೊರಬಂದ ನಿಯಮಗಳ ಪ್ರಕಾರ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅವುಗಳನ್ನು ನೋಂದಾಯಿಸಬೇಕು ಮತ್ತು ಕೈಬದಲಾದಾಗ ಅದನ್ನೂ ತಿಳಿಸಬೇಕು. ಸನ್ ಕೊನ್ಯೂರ್, ಮಕಾವ್, ಆಫ್ರಿಕನ್ ಗ್ರೇ ಆ ಪಟ್ಟಿಯಲ್ಲಿವೆ; ಕಾಕಟೀಲ್ ಮತ್ತು ಮಾರುಕಟ್ಟೆಯಲ್ಲಿ ಲವ್ ಬರ್ಡ್ಸ್ ಎಂದು ಮಾರುವ ಬಜರಿಗರ್ ಇಲ್ಲ. ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ನಮ್ಮದೇ ನಾಡಿನ ಗಿಳಿಗಳ ಮಾತು ಇನ್ನೂ ಕಟ್ಟುನಿಟ್ಟು. ಕೊರಳಲ್ಲಿ ಗುಲಾಬಿ ಪಟ್ಟಿಯ ಸಾಮಾನ್ಯ ಗಿಳಿಯಾಗಲಿ, ರೆಕ್ಕೆಯ ಮೇಲೆ ಕೆಂಪು ಮಚ್ಚೆಯಿರುವ ದೊಡ್ಡ ಗಿಳಿಯಾಗಲಿ, ಹಿಡಿಯುವುದು, ಮಾರುವುದು, ಕೊಳ್ಳುವುದು, ಸಾಕುವುದು 1972ರ ಅದೇ ಕಾಯ್ದೆಯಡಿ ಅಪರಾಧ. ಗಿಳಿಶಾಸ್ತ್ರ ಹೇಳುವವರ ಪಂಜರಕ್ಕೂ ವಿನಾಯಿತಿಯಿಲ್ಲ. ಮಾವಿನ ಕಾಲದಲ್ಲಿ ಕಾಯಿ ಕೊರೆಯುವ ಅದೇ ಹಕ್ಕಿಯನ್ನು ಬಲೆಯಲ್ಲಿ ಹಿಡಿದರೆ ತಪ್ಪೇನು ಎಂದು ಕೇಳುವ ರೈತರಿದ್ದಾರೆ. ಅವರ ನಷ್ಟ ನಿಜ, ಆದರೆ ಮರಿಯನ್ನು ಪೊಟರೆಯಿಂದ ಕಿತ್ತು ಪೇಟೆಗೆ ತರುವವರಿಗೂ ತೋಪಿನ ರೈತನ ನಷ್ಟಕ್ಕೂ ಸಂಬಂಧವಿಲ್ಲ.

ಈಗ ಹಸಿರು ಗಿಳಿ ಸಾಕಿರುವ ಬಡ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಕೂಗು ಸಹಿಸಲಾಗುತ್ತಿಲ್ಲ, ಅರಣ್ಯ ಇಲಾಖೆಗೆ ಕೊಟ್ಟರೆ ಕೇಸು ಬೀಳುತ್ತದೆಂಬ ಭಯ, ಮಾರಿದರೆ ಮತ್ತೊಂದು ಅಪರಾಧ. ಅವರು ಅಂತರಗಂಗೆ ಬೆಟ್ಟದ ಬುಡಕ್ಕೆ ಹೋಗಿ ಪಂಜರದ ಬಾಗಿಲು ತೆರೆದು, ಪುಣ್ಯದ ಕೆಲಸ ಮಾಡಿದೆವೆಂದುಕೊಂಡು ಹಿಂದಿರುಗುತ್ತಾರೆ. ಮರಿಯಿಂದಲೇ ಪಂಜರದಲ್ಲಿ ಬೆಳೆದ, ರೆಕ್ಕೆ ಕತ್ತರಿಸಿದ ಹಕ್ಕಿಗೆ ಮೇವು ಹುಡುಕಲು ಬರುವುದಿಲ್ಲ, ಮನುಷ್ಯರ ಭಯವಿಲ್ಲ. ಕಾಗೆ, ಹದ್ದು, ನಾಯಿಗಳಿಗೆ ಅದು ಸುಲಭದ ತುತ್ತು. ವಿದೇಶಿ ಹಕ್ಕಿಯನ್ನು ಹೊರಗೆ ಬಿಟ್ಟರೆ ಅದೂ ಬಹುತೇಕ ಸಾಯುತ್ತದೆ, ಬದುಕಿ ಹೆಚ್ಚಿದರೆ ಇಲ್ಲಿನ ಹಕ್ಕಿಗಳ ಪೊಟರೆಗೆ ಪೈಪೋಟಿ. ನಮ್ಮ ಹಸಿರು ಗಿಳಿಯೇ ಲಂಡನ್ನಿನ ಉದ್ಯಾನಗಳಲ್ಲಿ ಬೀಡುಬಿಟ್ಟು ಅಲ್ಲಿನವರ ಚರ್ಚೆಗೆ ವಸ್ತುವಾಗಿರುವುದನ್ನು ಇಲ್ಲಿ ನೆನೆಯಬಹುದು.

ಮಾಲೀಕತ್ವದ ಪ್ರಮಾಣಪತ್ರವಿರುವವರು ಬೇಡವಾದ ವನ್ಯಪ್ರಾಣಿಯನ್ನು ಮುಂಚಿತವಾಗಿ ತಿಳಿಸಿ ಸರ್ಕಾರಕ್ಕೆ ಒಪ್ಪಿಸುವ ದಾರಿಯನ್ನು 2022ರ ತಿದ್ದುಪಡಿಯಲ್ಲೇ ಮಾಡಿಕೊಟ್ಟಿದ್ದಾರೆ. ಹಜಾರದ ಗಿಳಿಗೆ ಪ್ರಮಾಣಪತ್ರ ಯಾರಲ್ಲಿದೆ? ಕಳ್ಳಸಾಗಣೆದಾರನಿಗೆ ಕರುಣೆ ಬೇಡ, ಆದರೆ ತಾನಾಗಿ ಬಂದು ಒಂದು ಗಿಳಿ ಒಪ್ಪಿಸುವ ಗೃಹಿಣಿಯನ್ನು ಅವನ ಸಾಲಿನಲ್ಲಿ ನಿಲ್ಲಿಸಿದರೆ ಮುಂದಿನ ಗಿಳಿ ಇಲಾಖೆಗೆ ಬರುವುದಿಲ್ಲ, ಬೆಟ್ಟಕ್ಕೆ ಹೋಗುತ್ತದೆ.

ಆದ್ದರಿಂದ ಜಿಲ್ಲೆಯ ಅರಣ್ಯ ಇಲಾಖೆ ಮತ್ತು ಪಶುಪಾಲನಾ ಇಲಾಖೆಗಳು ಸೇರಿ, ತಿಂಗಳಿಗೊಂದು ದಿನವನ್ನು ಗೊತ್ತುಮಾಡಿ, ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಯಲ್ಲಿ ಸಾಕುಗಿಳಿಗಳನ್ನು ಒಪ್ಪಿಸಿಕೊಳ್ಳುವ ವ್ಯವಸ್ಥೆ ಮಾಡಬೇಕೆಂದು ವಿನಂತಿಸುತ್ತೇನೆ. ತಾವಾಗಿ ಬಂದವರನ್ನು ಹೇಗೆ ನಡೆಸಿಕೊಳ್ಳಲಾಗುವುದೆಂದು ಇಲಾಖೆ ಮೊದಲೇ ಬರಹದಲ್ಲಿ ಪ್ರಕಟಿಸಬೇಕು. ಗಿಳಿಗಳ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೆ ಹರಡುವ ಜ್ವರವೊಂದು ಇರುವುದರಿಂದ ಬಂದ ಹಕ್ಕಿಗಳನ್ನು ಪ್ರತ್ಯೇಕವಾಗಿಟ್ಟು ತಪಾಸಣೆ ಮಾಡಬೇಕು. ಹಾರಬಲ್ಲ ನಾಡಗಿಳಿಗಳನ್ನು ಹೊರಗಿನ ಬದುಕಿಗೆ ಒಗ್ಗಿಸಿ ಹಿಂಡಿಗೆ ಸೇರಿಸುವುದು, ಆಗದವನ್ನು ಪುನರ್ವಸತಿ ಕೇಂದ್ರಕ್ಕೆ ಕಳಿಸುವುದು ತಜ್ಞರ ಕೆಲಸ. ವಿದೇಶಿ ಹಕ್ಕಿಗಳನ್ನು ಸಾಕಲು ಜಾಗ ಮತ್ತು ಅನುಭವ ಇರುವವರ ಪಟ್ಟಿಯೊಂದನ್ನು ಅದೇ ಆಸ್ಪತ್ರೆ ಇಟ್ಟುಕೊಂಡರೆ, ನೋಂದಣಿಯ ಕಾಗದವನ್ನೂ ಅಲ್ಲೇ ತುಂಬಿಸಿಕೊಡಬಹುದು.

ಸಾಕುಪ್ರಾಣಿ ಅಂಗಡಿಗಳ ಕುರಿತು 2018ರ ನಿಯಮಗಳಿದ್ದು, ಅಂಗಡಿಯವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನಗರದ ಅಂಗಡಿಗಳಲ್ಲಿ ಆ ನೋಂದಣಿ ಪತ್ರ ಗೋಡೆಯ ಮೇಲೆ ಕಾಣುವಂತಾದರೆ, ಪ್ರತಿ ಪಂಜರದ ಮೇಲೆ ಹಕ್ಕಿಯ ಆಯಸ್ಸು, ಕೂಗಿನ ಸ್ವಭಾವ, ನೋಂದಣಿ ಬೇಕೋ ಬೇಡವೋ ಎಂಬ ಮೂರು ಸಾಲು ಕನ್ನಡದಲ್ಲಿದ್ದರೆ ಅರ್ಧ ತೊಂದರೆ ಅಂಗಡಿಯಲ್ಲೇ ನಿಲ್ಲುತ್ತದೆ. ಕೈತುತ್ತು ತಿನ್ನಿಸಿ ಬೆಳೆಸಿದ ಮರಿ ಅಂಗಡಿಯಲ್ಲಿ ತೆಪ್ಪಗಿರುತ್ತದೆ, ದನಿ ಬಲಿಯುವುದು ಆಮೇಲೆ. ಕೊಳ್ಳಲೇಬೇಕೆನ್ನುವವರು ಮಟಮಟ ಮಧ್ಯಾಹ್ನ ಹೋಗಿ ನೋಡುವ ಬದಲು, ಅದೇ ಜಾತಿಯ ಬೆಳೆದ ಹಕ್ಕಿ ಸಾಕಿರುವವರ ಮನೆಗೆ ಒಂದು ಬೆಳಿಗ್ಗೆ ಆರಕ್ಕೆ ಹೋಗಿ ಕುಳಿತು ಬರಲಿ.

ಇಲಾಖೆಯವರು ದಿನವನ್ನು ಗೊತ್ತುಮಾಡಿದ್ದೇ ಆದರೆ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದನ್ನು ಪ್ರತಿ ತಿಂಗಳೂ ಪ್ರಕಟಿಸಬೇಕೆಂದು ತಮ್ಮಲ್ಲಿಯೂ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ
ಕೋಲಾರ