ಹಳೆಯದನ್ನು ಕೀಳಬೇಡ ತಮ್ಮಾ

ಕಲಬುರಗಿ

ಪ್ರೀತಿಯ ತಮ್ಮನಿಗೆ ಕಾಕಾನ ಆಶೀರ್ವಾದಗಳು.

ನಿನ್ನ ಫೋನ್ ಬಂದ ಮೇಲೆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೀದರ್ ಅಂಗಡಿಯ ಕಂಪ್ಯೂಟರಿಗೆ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರಿನ 14ನೇ ವರ್ಷನ್ ಹಾಕಿಯೇ ಕೊಟ್ಟಿದ್ದಾರೆ, ನಿನ್ನ ಪ್ರಾಜೆಕ್ಟಿಗೆ 16 ಬೇಕು, ಭಾನುವಾರ ಹಳೆಯದನ್ನು ಕಿತ್ತು ಹೊಸದು ಹಾಕ್ತೀನಿ ಅಂದೆ. ಕೀಳಬೇಡ. ಅಣ್ಣನ ಉದ್ರಿ ಲೆಕ್ಕವೆಲ್ಲ ಅದರಲ್ಲೇ ಇದೆ. ಮುಂಗಾರಿನಲ್ಲಿ ಸೋಯಾ ಬೀಜ, ಗೊಬ್ಬರ ಒಯ್ದವರು ರಾಶಿ ಆದ ಮೇಲೆ ದುಡ್ಡು ಕೊಡ್ತಾರೆ. ಆ ಲೆಕ್ಕ ಹೋದರೆ ಯಾರನ್ನು ಏನಂತ ಕೇಳುವುದು?

ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರಬಹುದು. ಆ ಕಂಪ್ಯೂಟರ್ ನಡೆಸುವ ಉಬುಂಟು 22.04ರ ಜೊತೆ ಸಿಗುವುದು 14 ಮಾತ್ರ, ಹಾಗಾಗಿ ಪೋಸ್ಟ್‌ಗ್ರೆಸ್‌ನವರದೇ ರೆಪಾಸಿಟರಿ, ಅಂದರೆ ಸಾಫ್ಟ್‌ವೇರ್ ಇಳಿಸಿಕೊಳ್ಳುವ ಜಾಗ, ಸೇರಿಸಿ 16 ಹಾಕು. ಹಳೆಯದು 5432ನೇ ಪೋರ್ಟಿನಲ್ಲಿ, ಅಂದರೆ ಆ ನಂಬರಿನ ಬಾಗಿಲಲ್ಲಿ, ಕೂತಿರುತ್ತದೆ, ಹೊಸದು ತಾನಾಗಿ 5433 ಹಿಡಿಯುತ್ತದೆ. ಡೇಟಾ ಫೋಲ್ಡರುಗಳೂ ಬೇರೆ ಬೇರೆ. 14ರ ಫೋಲ್ಡರನ್ನು 16ಕ್ಕೆ ತೋರಿಸಿದರೆ ಅದು ಶುರುವೇ ಆಗುವುದಿಲ್ಲ.

ಎಡವುವುದು ಇನ್ನೊಂದು ಕಡೆ. ಕಮಾಂಡ್ ಬರೆಯುವ ಟರ್ಮಿನಲ್‌ನಲ್ಲಿ, ಡೇಟಾಬೇಸಿನ ಒಳಗೆ ಹೋಗಲು ಸುಮ್ನೆ ಪಿಎಸ್‌ಕ್ಯೂಎಲ್ ಅಂತ ಹೊಡೆದರೆ 5432ಕ್ಕೇ ಹೋಗುತ್ತೀಯ, ಅಂದರೆ ಹಳೆಯದಕ್ಕೆ. ಆದರೆ ಪಿಎಸ್‌ಕ್ಯೂಎಲ್‌ನ ವರ್ಷನ್ ಕೇಳಿದರೆ 16 ಅನ್ನುತ್ತದೆ! ಅದು ಹೇಳುವುದು ತನ್ನ ನಂಬರು, ಡೇಟಾ ಇಟ್ಟುಕೊಂಡ ಸರ್ವರಿನದಲ್ಲ. ಒಳಗೆ ಹೋದಾಗ ಮೊದಲ ಸಾಲಿನಲ್ಲಿ 16ರ ಪಕ್ಕ ‘ಸರ್ವರ್ 14’ ಅಂತ ಬಂದಿರುತ್ತದೆ. ಆ ಸಾಲನ್ನು ಪ್ರತಿ ಸಲ ಓದು. ಪ್ರತಿ ಕಮಾಂಡಿಗೂ ಪೋರ್ಟ್ ನಂಬರ್ ಬರೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಇಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕ ನೋಡುತ್ತಿದ್ದಾಗ ಹೀಗೇ ಎರಡು ವರ್ಷನ್ ಹಾಕಿದ್ದೆ. ಬ್ಯಾಕಪ್ಪನ್ನೂ ತೆಗೆದಿದ್ದೆ. ಆದರೆ 5433 ಅಂತ ಬರೆದು, ಇನ್ನೂ ಖಾಲಿ ಇದ್ದ ಹೊಸದರದ್ದೇ ತೆಗೆದುಬಿಟ್ಟಿದ್ದೆ. ಫೈಲು ಕೆಲವೇ ಕೆಬಿ ಇತ್ತು, ನೋಡಲಿಲ್ಲ. ಆಮೇಲೆ ಹಳೆಯದನ್ನು ಪರ್ಜ್ ಮಾಡಿದೆ, ಅಂದರೆ ಬುಡಸಮೇತ ತೆಗೆದುಹಾಕಿದೆ. ಡೇಟಾ ಫೋಲ್ಡರನ್ನೂ ಅಳಿಸಲೇ ಅಂತ ಅದು ಕೇಳಿತು, ಹೌದು ಅಂದೆ. ತೊಗರಿ ಸುಗ್ಗಿಯ ಕಾಲ. ಚೀಲಕ್ಕೆ ಕಟ್ಟಿಟ್ಟಿದ್ದ ತೂಕದ ಚೀಟಿಗಳನ್ನು ನೆಲದ ಮೇಲೆ ಹರವಿ, ಒಂದೊಂದೇ ಮತ್ತೆ ಬರೆದೆವು. ಮಸಿ ಅಳಿಸಿದ ಚೀಟಿ ತಂದ ರೈತರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅವರ ಮುಖ ಇವತ್ತಿಗೂ ಕಣ್ಣ ಮುಂದಿದೆ.

ನೀನು 5432 ಅಂತ ಬರೆದು, 16ರ ಜೊತೆ ಬಂದ ಪಿಜಿ ಡಂಪ್‌ಆಲ್ ಅನ್ನುವ ಕಮಾಂಡಿನಿಂದ ಎಲ್ಲದರ ಬ್ಯಾಕಪ್ ತೆಗೆ. ಬರೀ ಪಿಜಿ ಡಂಪ್ ಆದರೆ ಒಂದು ಡೇಟಾಬೇಸ್ ಮಾತ್ರ ಬರುತ್ತದೆ, ಯೂಸರ್‌ಗಳು ಬರುವುದಿಲ್ಲ. ಆ ಬ್ಯಾಕಪ್ಪನ್ನು ಪೆನ್‌ಡ್ರೈವಿಗೂ ಹಾಕು. ನಿನ್ನ ಪ್ರಾಜೆಕ್ಟ್ 5433ರಲ್ಲಿ ನಡೆಯಲಿ, ಅಂಗಡಿ ಲೆಕ್ಕ ಇದ್ದಲ್ಲೇ ಇರಲಿ. ಅದನ್ನು 16ಕ್ಕೆ ತರುವುದು ದೀಪಾವಳಿ ಲೆಕ್ಕ ಮುಗಿದ ಮೇಲೆ ನೋಡೋಣ, ಅವಸರ ಏನಿದೆ?

ಶನಿವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಫೋನ್ ಮಾಡು. ಆ ಬ್ಯಾಕಪ್ ಫೈಲು ಎಷ್ಟು ದೊಡ್ಡದಿದೆ ಅಂತ ಮೊದಲು ಹೇಳು.

ನಿನ್ನ ಕಾಕಾ