ಹರ್ಕ್ಯುಲಿಸ್‌ನನ್ನು ಕೊರೆದದ್ದು ಆಮ್ಲವಲ್ಲ, ಉಳಿ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ಡಚ್ ಕಲಾವಿದ ಹೆಂಡ್ರಿಕ್ ಗೋಲ್ಟ್ಸಿಯಸ್‌ನ ‘ಮಹಾ ಹರ್ಕ್ಯುಲಿಸ್’ (1589) ನೋಡಿ ಸಂತೋಷವಾಯಿತು. ಆದರೆ ಅದರಡಿ ‘ಗ್ರೀಕ್ ಪುರಾಣದ ಎಚಿಂಗ್’ ಎಂದಿತ್ತು. ಕಥೆಯ ಬೇರು ಗ್ರೀಸಿನದೇ ನಿಜ. ಅವನಿದ್ದ ನೆದರ್ಲೆಂಡ್ಸಿನ ಹಾರ್ಲೆಮ್ ಊರಿನ ಕಲಾವಿದರಿಗೆ ಈ ಪುರಾಣಗಳು ಸಿಕ್ಕಿದ್ದು ಮಾತ್ರ ಲ್ಯಾಟಿನ್ನಿನಲ್ಲಿ, ಮುಖ್ಯವಾಗಿ ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫಸಿಸ್’ನಿಂದ. ಗ್ರೀಕರ ಹೆರಾಕ್ಲೀಸ್ ಹರ್ಕ್ಯುಲಿಸ್ ಆದದ್ದೂ ರೋಮಿನಲ್ಲೇ. ಇದನ್ನು ಹೊಟ್ಟೆಗೆ ಹಾಕಿಕೊಳ್ಳಬಹುದು. ‘ಎಚಿಂಗ್’ ಅನ್ನುವುದನ್ನು ಬಿಡಲಾಗದು.

ಎಚಿಂಗ್‌ನಲ್ಲಿ ತಗಡಿಗೆ ಮೇಣದ ಲೇಪ ಬಳಿದು ಸೂಜಿಯಿಂದ ಗೀರುತ್ತಾರೆ. ತಾಮ್ರವನ್ನು ತಿನ್ನುವುದು ಆಮ್ಲ. ಗೆರೆಯ ದಪ್ಪ ಹೆಚ್ಚುಕಡಿಮೆ ಒಂದೇ, ತುದಿ ಮೊಂಡು. ಗೋಲ್ಟ್ಸಿಯಸ್‌ನದು ಎನ್‌ಗ್ರೇವಿಂಗ್, ಅಂದರೆ ಆಮ್ಲವಿಲ್ಲದೆ ತಗಡನ್ನು ಉಳಿಯಿಂದಲೇ ಕೊರೆಯುವುದು. ಬ್ಯೂರಿನ್ ಎಂಬ ಉಳಿ ಚೌಕದ ಉಕ್ಕಿನ ಕಡ್ಡಿ. ತುದಿ ಓರೆಯಾಗಿ ಕತ್ತರಿಸಿದ್ದು, ಹಿಡಿ ಅಣಬೆಯಂತೆ. ಹಿಡಿಯನ್ನು ಅಂಗೈಗೆ ಒತ್ತಿಕೊಂಡು ಉಳಿಯನ್ನು ಮುಂದಕ್ಕೆ ತಳ್ಳಬೇಕು. ಬಾಗಿದ ಗೆರೆ ಬೇಕಾದಾಗ ಉಳಿಯನ್ನಲ್ಲ, ಚರ್ಮದ ದಿಂಬಿನ ಮೇಲಿಟ್ಟ ತಗಡನ್ನೇ ಇನ್ನೊಂದು ಕೈಯಿಂದ ತಿರುಗಿಸಬೇಕು. ಒತ್ತಿದರೆ ಗೆರೆ ಆಳವಾಗಿ ಅಗಲವಾಗುತ್ತದೆ, ಎತ್ತಿದರೆ ಕೂದಲೆಳೆಯಾಗಿ ಮುಗಿಯುತ್ತದೆ. ಅಂಚಿಗೆ ಏಳುವ ತಾಮ್ರದ ಸಿಬಿರನ್ನು ಹೆರೆದು ತೆಗೆಯದಿದ್ದರೆ ಅದಕ್ಕೆ ಶಾಯಿ ಕಚ್ಚಿ ಗೆರೆ ಮಸುಕಾಗುತ್ತದೆ. ಆಮೇಲಿನದು ಓಲೆಗರಿಗೆ ಮಸಿ ತುಂಬಿದ ಹಾಗೆ: ಗೀರಿಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹೊದಿಸಿ ಎರಡು ಉರುಳೆಗಳ ನಡುವೆ ಹಾಯಿಸುತ್ತಾರೆ.

ಉಬ್ಬಿ ಇಳಿಯುವ ಈ ಗೆರೆಗೆ ತಕ್ಕ ಮೈ ಪುರಾಣದಲ್ಲಿತ್ತು. ಹರ್ಕ್ಯುಲಿಸ್‌ನ ಸ್ನಾಯುಗಳು ಎಷ್ಟು ಉಬ್ಬಿವೆಯೆಂದರೆ ಡಚ್ಚರು ಆ ಚಿತ್ರಕ್ಕೆ ‘ಗಡ್ಡೆ ಮನುಷ್ಯ’ ಎಂದೇ ಅಡ್ಡಹೆಸರಿಟ್ಟರು. ಅಡ್ಡಗೆರೆಗಳು ತೀರ ಕಿರಿದಾದ ಕೋನದಲ್ಲಿ ದಾಟಿದರೆ ರೇಷ್ಮೆಯ ಮೇಲಿನಂಥ ಅಲೆ ಎದ್ದು ಆಕಾರವೇ ಕರಗುತ್ತದೆ. ಗೋಲ್ಟ್ಸಿಯಸ್‌ಗೆ ಅದನ್ನು ಎಲ್ಲಿ ತಡೆಯಬೇಕೆಂಬುದು ಗೊತ್ತಿತ್ತು. 1530ರಲ್ಲಿ ಯುದ್ಧದೇವ ಮಾರ್ಸ್, ಪ್ರೇಮದೇವತೆ ವೀನಸ್‌ರನ್ನು ಕೊರೆದ ಲೈಡನ್‌ನ ಲೂಕಾಸ್‌ನ ಗೆರೆ ಇಷ್ಟು ಉಬ್ಬುವುದಿಲ್ಲ, ಅದು ನವುರು.

ಅಚ್ಚಿನಲ್ಲಿ ಎಡ ಬಲವಾಗುತ್ತದೆ ಎಂಬುದನ್ನೂ ಮರೆಯಬಾರದು. ಗೋಲ್ಟ್ಸಿಯಸ್‌ನ 1586ರ ‘ರೋಮನ್ ವೀರರು’ ಸರಣಿಯಲ್ಲಿ ಬಲಗೈಯನ್ನು ಬೆಂಕಿಗೆ ಒಡ್ಡಿದ ಮ್ಯೂಸಿಯಸ್ ಸ್ಕೀವೊಲಾ ಇದ್ದಾನೆ. ಬಲಗೈ ಸುಟ್ಟುಕೊಂಡದ್ದರಿಂದ ಬಂದ ಆ ಹೆಸರಿನ ಅರ್ಥವೇ ಎಡಚ. ತಗಡಿನ ಮೇಲೆ ತಿರುವುಮುರುವಾಗಿ ಕೊರೆಯದಿದ್ದರೆ ಕಥೆಯೇ ಕೆಟ್ಟಿತು. (ಗೋಲ್ಟ್ಸಿಯಸ್‌ನ ಬಲಗೈಯೂ ಬಾಲ್ಯದಲ್ಲಿ ಸುಟ್ಟು ಸೊಟ್ಟಗಾಗಿತ್ತು.) ಚಿತ್ರಕಾರ ಸ್ಪ್ರಾಂಗರ್‌ನ ರೇಖಾಚಿತ್ರ ಆಧರಿಸಿದ 1587ರ ‘ಕ್ಯೂಪಿಡ್ ಮತ್ತು ಸೈಕಿಯ ಮದುವೆ’ಯದು ಇನ್ನೊಂದು ಕಷ್ಟ. ಅದಕ್ಕೆ ಮೂರು ತಗಡು. ಹಾಳೆಗಳು ಒಂದೇ ಹದಕ್ಕೆ ಒದ್ದೆಯಾಗದಿದ್ದರೆ ಒಣಗಿದ ಮೇಲೆ ಒಂದು ಹೆಚ್ಚು, ಒಂದು ಕಡಿಮೆ ಕುಗ್ಗಿ, ಜೋಡಣೆಯಲ್ಲಿ ಗೆರೆಗೆ ಗೆರೆ ಕೂಡುವುದಿಲ್ಲ.

ಪುರವಣಿಯಲ್ಲಿ ಹರ್ಕ್ಯುಲಿಸ್ ಬೂದು ಮುದ್ದೆಯಂತೆ ಕಂಡದ್ದಕ್ಕೂ ಕಾರಣವಿದೆ. ಸುಮಾರು 55 ಸೆಂ.ಮೀ. ಎತ್ತರದ ಚಿತ್ರವನ್ನು ಒಂದು ಕಾಲಂಗೆ ಇಳಿಸಿದಾಗ ಗೆರೆಗಳು ಪತ್ರಿಕೆಯ ಹಾಫ್‌ಟೋನ್ (ಛಾಯೆ ತೋರಿಸುವ) ಚುಕ್ಕೆಗಳಿಗೆ ಡಿಕ್ಕಿ ಹೊಡೆಯುತ್ತವೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಇಂಥ ಹಳೆಯ ಮುದ್ರಣಚಿತ್ರಗಳ ದೊಡ್ಡ ಪ್ರತಿಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಮುಂದಿನ ಸಲ ಇಡೀ ಚಿತ್ರದ ಬದಲು ಭುಜವನ್ನೋ ತೊಡೆಯನ್ನೋ ಮೂಲದ ಅಳತೆಯಲ್ಲೇ, ಚುಕ್ಕೆಯಿಲ್ಲದ ರೇಖಾಚಿತ್ರವಾಗಿ ಅಚ್ಚುಹಾಕಿ. ಉಳಿ ಎಲ್ಲಿ ಒತ್ತಿತು, ಎಲ್ಲಿ ಎದ್ದಿತು ಎಂಬುದು ಬರಿಗಣ್ಣಿಗೇ ಕಾಣುತ್ತದೆ.

– ಓದುಗ, ಧಾರವಾಡ