ಬೇಡ ಅಂದ ಡಾಕ್ಟರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ನನ್ನ ಹೊಸ ಶ್ವಾಸಕೋಶಕ್ಕೆ ನಿನ್ನೆ ಒಂದು ವರ್ಷ ತುಂಬಿತು. ಮನೆಯಲ್ಲಿ ಶಾವಿಗೆ ಪಾಯಸ ಮಾಡಿದ್ದೆವು.

ಮೊದಲ ಥ್ಯಾಂಕ್ಸ್ ದಾನಿಯ ಮನೆಯವರಿಗೆ. ನೀವು ಯಾರು ಅಂತ ನನಗೆ ಹೇಳುವುದಿಲ್ಲ, ಅದು ನಿಯಮ. ಇದೇ ಹೊತ್ತಿಗೆ ನಿಮ್ಮ ಮನೆಯಲ್ಲಿ ವರ್ಷದ ತಿಥಿ ಅಲ್ವಾ? ಪಾಯಸದ ಬಟ್ಟಲು ಕೈಗೆ ಬಂದಾಗ ಅದು ನೆನಪಾಗಿ ಸುಮ್ನೆ ಕೂತುಬಿಟ್ಟೆ.

ಎರಡನೇ ಥ್ಯಾಂಕ್ಸ್ ಬೇಡ ಅಂದ ಡಾಕ್ಟರಿಗೆ. ಶ್ವಾಸಕೋಶ ಸಿಕ್ಕಿದೆ ಅಂತ ಆಸ್ಪತ್ರೆಯಿಂದ ಮೊದಲ ಸಲ ಫೋನ್ ಬಂದದ್ದು ರಾತ್ರಿ ಹನ್ನೊಂದಕ್ಕೆ. ಊಟ, ನೀರು ಬಿಟ್ಟು ಆಸ್ಪತ್ರೆಯಲ್ಲಿ ಕಾದೆವು. ಬೆಳಗಿನ ಜಾವ ನಾಲ್ಕಕ್ಕೆ "ಅಮ್ಮಾ, ಇದು ಬೇಡ. ಮನೆಗೆ ಹೋಗಿ" ಅಂದರು. ಎಷ್ಟು ಸಿಟ್ಟು ಬಂದಿತ್ತು ಅಂದರೆ, ಅವರ ಮುಖ ನೋಡದೆ ಎದ್ದು ಬಂದೆ.

ಆಮೇಲೊಂದು ದಿನ ಅವರೇ ಕೂತು ಬಿಡಿಸಿ ಹೇಳಿದರು. ದಾನಿಗೆ ನೂರಕ್ಕೆ ನೂರು ಆಕ್ಸಿಜನ್ ಕೊಟ್ಟು ರಕ್ತ ತೆಗೆದು ನೋಡುತ್ತಾರೆ. ರಕ್ತದಲ್ಲಿ ಆಕ್ಸಿಜನ್ ಒತ್ತಡ 300 ದಾಟಿದ್ದರೆ ಒಳ್ಳೆಯದು. ಎಕ್ಸ್‌ರೇ ಆಗುತ್ತದೆ. ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ ಕೀವು ಇದೆಯಾ ಅಂತ ಹುಡುಕುತ್ತಾರೆ. ನನಗೆ ಬರಬೇಕಿದ್ದದ್ದು ಇದರಲ್ಲೆಲ್ಲ ಪಾಸು! ಫೇಲಾದದ್ದು ಕೈ ಪರೀಕ್ಷೆಯಲ್ಲಿ. ದಾನಿಯ ಎದೆ ತೆರೆದ ಮೇಲೆ ಸರ್ಜನ್ ಶ್ವಾಸಕೋಶ ಮುಟ್ಟಿ, ಒತ್ತಿ ನೋಡುತ್ತಾರೆ. ಸ್ಪಂಜಿನ ಹಾಗೆ ಮೆತ್ತಗಿರಬೇಕು. ವೆಂಟಿಲೇಟರ್ ಬಿಡಿಸಿದ ತಕ್ಷಣ ಗಾಳಿ ಬಿಟ್ಟ ಬಲೂನಿನ ಹಾಗೆ ಕುಗ್ಗಬೇಕು. ಅದು ಕುಗ್ಗಲಿಲ್ಲವಂತೆ. ಒಳಗೆ ನೀರು ತುಂಬಿತ್ತು. "ಹಾಕಿದ್ದರೆ ನೀವು ಐಸಿಯುನಿಂದ ಹೊರಗೆ ಬರೋದೇ ಕಷ್ಟವಿತ್ತು" ಅಂದರು. ಸರ್, ಅವತ್ತು ಮುಖ ತಿರುಗಿಸಿದ್ದಕ್ಕೆ ಕ್ಷಮಿಸಿ.

(ನಾನು ಹಂಪಿಯ ಗೈಡ್, ಇಸವಿ ಹೇಳದಿದ್ದರೆ ಸಮಾಧಾನ ಇಲ್ಲ. ಶ್ವಾಸಕೋಶ ಕಸಿ ಮಾಡಿಸಿಕೊಂಡವರು ವರ್ಷಗಟ್ಟಲೆ ಬದುಕಿದ್ದು ಮೊದಲು ಕೆನಡಾದ ಟೊರಾಂಟೊದಲ್ಲಿ, 1983ರಲ್ಲಿ, ಡಾ. ಜೋಯಲ್ ಕೂಪರ್ ತಂಡದಿಂದ.)

ಎರಡನೇ ಫೋನಿಗೆ ಮೂರು ತಿಂಗಳು ಕಾದೆ. ಬೆಂಗಳೂರಿನ ಬಾಡಿಗೆ ಮನೆ, ಮೂಗಿಗೆ ಆಕ್ಸಿಜನ್ ಪೈಪು. ಆಗ ಕೈ ಹಿಡಿದವರು ಹಂಪಿಯ ನಮ್ಮ ಇಬ್ಬರು ಹೊಸ ಗೈಡ್ ಹುಡುಗರು. ದಿನಾ ಬೆಳಗ್ಗೆ ವಿಡಿಯೋ ಕಾಲ್. "ಅಕ್ಕಾ, ಪಾಠ ಮಾಡಿ" ಅನ್ನುತ್ತಿದ್ದರು. ವಿರೂಪಾಕ್ಷ ದೇವಸ್ಥಾನದ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದಲ್ಲ, ಆ ಗೋಡೆಗೆ ಫೋನ್ ಹಿಡಿದು "ಈಗ ಏನು ಹೇಳಬೇಕು?" ಅಂತ ಕೇಳೋರು. ನಾಲ್ಕು ಮಾತಿಗೊಮ್ಮೆ ನನಗೆ ದಮ್ಮು. ಅವರು ಫೋನ್ ಅಲ್ಲಾಡಿಸದೆ ಕಾಯೋರು. ಆಮೇಲೆ ಆ ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿ ಬೇರೆ ಹುಡುಗರಿಗೂ ಕಳಿಸಿದ್ದಾರೆ, ನನ್ನ ಕೆಮ್ಮಿನ ಸಮೇತ. ಒಬ್ಬ ಹುಡುಗನಂತೂ ನಾನು ನಿಲ್ಲಿಸಿದ ಕಡೆಯೇ ನಿಲ್ಲಿಸಿ ಹೇಳುತ್ತಾನಂತೆ!

ನಮ್ಮ ಮನೆಯವರಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಬೈತಾರೆ, ಬಿಡಿ.

ಸೋಮವಾರದಿಂದ ಬೆಳಗ್ಗೆ ಒಂದು ಹೊತ್ತು ವಿಠ್ಠಲ ದೇವಸ್ಥಾನದ ಹತ್ತಿರ ಇರುತ್ತೇನೆ. ಮಾಸ್ಕ್ ಹಾಕಿರುತ್ತೇನೆ, ಹತ್ತಿರ ನಿಂತು ಸೆಲ್ಫಿ ಕೇಳಬೇಡಿ, ಬೇಜಾರು ಮಾಡ್ಕೋಬೇಡಿ. ಮಾತಂಗ ಬೆಟ್ಟಕ್ಕೆ ಸದ್ಯ ಹುಡುಗರನ್ನೇ ಕರ್ಕೊಂಡು ಹೋಗಿ.